ಸೋಯಾ ಹೂ ಬಿಡುವಾಗ ಒಂದು ಸಲ ಕಳೆ ತೆಗೆದರೆ ಸಾಕೇ?

ಸಾಲದು. ಮೆಕ್ಕೆಜೋಳ ಬಿಟ್ಟು ಮೊದಲ ಬಾರಿ ಸೋಯಾ ಬಿತ್ತಿದ್ದೀರಿ, ಬೆಳೆಗೆ 18 ದಿನ ತುಂಬಿದೆ, ಕೂಲಿ ಉಳಿಸಲು ಹೂ ಬಿಡುವವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ.

ನಮ್ಮದು ಹರಿಹರದ ಕಡೆಯ ಎರೆ ಹೊಲ. ಒಂದು ವರ್ಷ ಆರಿದ್ರಾ ಮಳೆ ಬಿಡುವು ಕೊಡದೆ ಸುರಿದು, ಹೊಲ ಹದಕ್ಕೆ ಬರುವಷ್ಟರಲ್ಲಿ ಬೆಳೆಗೆ 50 ದಿನ ದಾಟಿತ್ತು. ಆಳು ಹಚ್ಚಿ ಒಂದು ಕಡ್ಡಿ ಕಳೆಯೂ ಉಳಿಯದಂತೆ ತೆಗೆಸಿದೆವು. ಹೊಲವೇನೋ ಕನ್ನಡಿಯಂತಾಯಿತು, ಆದರೆ ಗಿಡಗಳು ಕೋಲಿನಂತೆ ಉದ್ದವಾಗಿ ನಿಂತಿದ್ದವು. ಕವಲಿಲ್ಲ, ಕವಲಿಲ್ಲದ ಕಡೆ ಕಾಯಿಯೂ ಇಲ್ಲ.

ಕಾರಣ ಆಮೇಲೆ ತಿಳಿಯಿತು. ಕಳೆ ನೀರು, ಗೊಬ್ಬರ ಕದಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲು ನಡೆಯುವುದು ಬೆಳಕಿನ ಜಗಳ. ಪಕ್ಕದ ಹಸಿರೆಲೆಗೆ ತಾಗಿ ಬರುವ ಬೆಳಕಿನ ಗುಣವೇ ಬೇರೆ. ತನ್ನ ಮೇಲೆ ನೆರಳು ಬೀಳುವ ಮುಂಚೆಯೇ ಸೋಯಾ ಸಸಿ ಅದರಿಂದ ನೆರೆಯ ಗಿಡವನ್ನು ಗುರುತಿಸಿ, ಕವಲೊಡೆಯುವುದನ್ನು ಬಿಟ್ಟು ಮೇಲಕ್ಕೆ ಚಾಚತೊಡಗುತ್ತದೆ. ಕವಲಿನ ಕಾಲ ಕಳೆದ ಮೇಲೆ ಕಳೆ ಕಿತ್ತರೆ ಆ ಕಾಯಿ ಮರಳಿ ಬರುವುದಿಲ್ಲ. ಬೇರಿನ ಗಂಟುಗಳು ಸಾರಜನಕ ಒದಗಿಸುವುದಕ್ಕೂ ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಸಸಿ ಮಣ್ಣಿನ ಸಾರವನ್ನೇ ನಂಬಿರುತ್ತದೆ, ಹರಿವೆ, ಅಣ್ಣೆ ಸೊಪ್ಪುಗಳೂ ಅದಕ್ಕೇ ಬಾಯಿ ಹಾಕುತ್ತವೆ.

ಸೋಯಾ ತಾನೇ ಕಳೆಯನ್ನು ಮುಚ್ಚುತ್ತದೆ ಎಂಬ ಮಾತು ಸುಳ್ಳಲ್ಲ, ಆದರೆ ಅದು ಸಾಲುಗಳು ಕೂಡಿಕೊಂಡ ಮೇಲಿನ ಮಾತು. ಮೊದಲ 40 ದಿನ ಆ ಕೆಲಸ ನಮ್ಮದೇ.

ಹೊಲ ಹದಕ್ಕೆ ಬಂದ ದಿನವೇ ಸಾಲುಗಳ ನಡುವೆ ಎಡೆಕುಂಟೆ ಹೊಡೆಯಿರಿ, ಸಾಲಿನೊಳಗಿನದನ್ನು ಕೈಯಲ್ಲಿ ಕೀಳಿಸಿರಿ. ಎರಡು ವಾರ ಬಿಟ್ಟು ಇನ್ನೊಮ್ಮೆ. ಹೂ ಬಿಟ್ಟ ಮೇಲೆ ಕುಂಟೆ ಬೇಡ, ಬೇರು ಹರಿದು ಹೂ ಉದುರುತ್ತದೆ. ಔಷಧಿ ಹೊಡೆಯುವುದಾದರೆ ಸೋಯಾಕ್ಕೆಂದೇ ಇರುವುದನ್ನು, ಕಳೆ ಇನ್ನೂ ಎಳೆಯದಾಗಿರುವಾಗಲೇ ಬಳಸಿ. ಮೆಕ್ಕೆಜೋಳಕ್ಕೆ ಅಟ್ರಜಿನ್ ಎಂಬ ಕಳೆನಾಶಕ ಹೊಡೆದ ಪಂಪನ್ನು ಚೆನ್ನಾಗಿ ತೊಳೆಯದೆ ಸೋಯಾ ಹೊಲಕ್ಕೆ ತರಲೇಬೇಡಿ. ಅದರ ಉಳಿಕೆ ಸೋಯಾ ಎಲೆಯನ್ನು ಸುಡುತ್ತದೆ.

ಕಿತ್ತ ಕನ್ನೆ ಸೊಪ್ಪನ್ನು ಸಾಲಿನಲ್ಲೇ ಬಿಡಬೇಡಿ. ಒಂದು ಹದ ಮಳೆ ಬಿದ್ದರೆ ತುಂಡು ತುಂಡೂ ಬೇರು ಬಿಡುತ್ತದೆ, ಹೊಲದಿಂದ ಹೊರಗೆ ಹಾಕಿಸಿ.