ಎಂಟು ಚಂದ್ರಿಕೆ, ಏಳರ ಕಾಸು

ಹೋದ ಸಂಚಿಕೇಲಿ "ಚಿಕ್ಕೋರಿದ್ದಾಗ ಮೊದಲು ಕಾಸು ದುಡಿದಿದ್ದು ಹೇಗೆ, ಬರೀರಿ" ಅಂತ ಮೂಲೇಲಿ ಒಂದೇ ಒಂದು ಲೈನ್ ಹಾಕಿದ್ವಿ ಅಷ್ಟೇ. ಮಾಮೂಲಿ ಪ್ರಶ್ನೆಗಳೆಲ್ಲ (ಸೊಸೆ ಮಾತಾಡ್ಸಲ್ಲ, ಕೂದಲು ಉದುರತ್ತೆ) ಈ ಸಲ ಪಕ್ಕಕ್ಕೆ ಹೋದ್ವು, ಬಂದಿದ್ದೆಲ್ಲಾ ಕೂಲಿ ಲೆಕ್ಕಾನೇ. ನಮ್ಮ ಕಡೆಯೋರು ಹಳೇ ಸಾಲ ಮರೀಬಹುದು, ಹಳೇ ಕೂಲಿ ಮಾತ್ರ ಪೈಸೆ ಸಮೇತ ನೆನಪಿಟ್ಕೊಂಡಿರ್ತಾರೆ ನೋಡಿ.

ಪ್ರಶ್ನೆ: ಅಕ್ಕಾ, ಎಲ್ರ ಕಥೆ ಕೇಳ್ತೀರ, ನಿಮ್ದು ಹೇಳಲ್ಲ. ನಿಮ್ಮ ಮೊದಲ್ನೇ ಕೂಲಿ ಎಷ್ಟು, ಏನ್ ಕೆಲ್ಸ, ಆ ದುಡ್ಡು ಏನಾಯ್ತು? ನಿಜ ಹೇಳ್ಬೇಕು.
— ಓದುಗರೊಬ್ಬರು, ಚಿಂತಾಮಣಿ

ಉತ್ತರ: ಸಿಕ್ಕಾಕೊಂಡೆ. 1 ರೂಪಾಯಿ 75 ಪೈಸೆ. ಕೆಲ್ಸ ರೇಷ್ಮೆ ಸಾಕೋರ ಮನೇಲಿ ಹಣ್ಣು ಹುಳ ಆಯೋದು.

ನಮ್ಮೂರು ಶಿಡ್ಲಘಟ್ಟದ ಕಡೆ, ಆಗಿನ್ನೂ ಚಿಕ್ಕಬಳ್ಳಾಪುರ ಜಿಲ್ಲೆ ಅಂತ ಇರ್ಲಿಲ್ಲ, 2007ರವರೆಗೂ ನಾವೆಲ್ಲಾ ಕೋಲಾರ ಜಿಲ್ಲೆಯೋರೇ. ಊರಲ್ಲಿ ಭೂಮಿ ಇದ್ದೋರೆಲ್ಲಾ ಹಿಪ್ಪುನೇರಳೆ ಹಾಕೋರು, ಇಲ್ದೋರೆಲ್ಲಾ ಅವ್ರ ಹುಳದ ಮನೇಲಿ ಕೂಲಿ. ನಮ್ದು ಎರಡನೇ ಪಾರ್ಟಿ. ಹುಳ ಸಾಕಿದೋರಿಗೆ ಗೊತ್ತಿರತ್ತೆ, ನಾಲ್ಕು ಸಲ ಜ್ವರಕ್ಕೆ (ಅಂದ್ರೆ ಪೊರೆ ಬಿಡೋಕೆ) ಕೂತು ಏಳತ್ತೆ, ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಬಕಾಸುರನ ಥರ ಸೊಪ್ಪು ತಿನ್ನತ್ತೆ, ರಾತ್ರಿ ಹೊತ್ತು ಆ ರೂಮಿನ ಹೊರಗೆ ನಿಂತ್ರೆ ಸೋನೆ ಮಳೆ ಬಂದಂಗೆ ಸದ್ದು. ಆಮೇಲೆ ಒಂದಿನ ಬೆಳಗ್ಗೆ ಸೊಪ್ಪು ಮುಟ್ಟಲ್ಲ, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸ್ತಾ ಇರತ್ತೆ. ಅದೇ ಹಣ್ಣಾಗೋದು. ಆವಾಗ ಅದನ್ನ ಆಯ್ದು ಚಂದ್ರಿಕೆಗೆ (ಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ) ಬಿಡ್ಲೇಬೇಕು, ತಡ ಆದ್ರೆ ತಟ್ಟೆ ಮೇಲೆ ಎಲ್ಲೆಂದ್ರಲ್ಲಿ ನೂಲು ಬಿಟ್ಟು ಹಾಳ್ಮಾಡಿ ಬಿಡತ್ತೆ. ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟಿದ್ದೆಲ್ಲಾ ಸೇರಿ ಒಂದು ಮೊಟ್ಟೆ ಅಂತ ಲೆಕ್ಕ) ಮೇಯಿಸಿದ್ರೆ ಹತ್ತತ್ರ ನಲವತ್ತು ಸಾವಿರ ಹುಳ, ಎಲ್ಲಾ ಒಂದೆರಡು ದಿನದಲ್ಲೇ ಹಣ್ಣಾಗೋದು, ಮನೆಯೋರು ನಾಲ್ಕು ಜನ ಏನ್ ಮಾಡಕ್ಕಾಗತ್ತೆ ಹೇಳಿ. ಅದಕ್ಕೇ ಯಜಮಾನಮ್ಮ ಬೀದಿಗೆ ಬಂದು "ಹುಳ ಹಣ್ಣಾಗವೆ ಬರ್ರೋ" ಅಂತ ಕೂಗೋಳು, ನಾವು ಮಕ್ಳು ಗೋಲಿ ಬಿಟ್ಟು ಓಡೋದು.

ನಂಗೆ ಆಗ ಒಂಬತ್ತು ವರ್ಷ, ದಸರಾ ರಜ. ಚಪ್ಪಲಿ ಹೊರಗಡೆ ಬಿಡ್ಬೇಕು (ಇದ್ರೆ ತಾನೇ ಬಿಡೋದು), ಕೈ ತೊಳೀಬೇಕು. ರೇಟು ಒಂದು ಚಂದ್ರಿಕೆ ತುಂಬಿಸಿದ್ರೆ ನಾಲ್ಕಾಣೆ. ಒಂದು ಚಂದ್ರಿಕೆಗೆ ಸುಮಾರು ಸಾವಿರ ಹುಳ ಹಿಡಿಯತ್ತೆ, ಲೆಕ್ಕ ಹಾಕಿದ್ರೆ ಪೈಸೆಗೆ ನಲವತ್ತು ಹುಳ, ಇದನ್ನ ನಾನು ಲೆಕ್ಕ ಹಾಕಿದ್ದು ಮೂವತ್ತು ವರ್ಷ ಆದ್ಮೇಲೆ, ಆವಾಗ ನಾಲ್ಕಾಣೆ ಅಂದ್ರೆ ನಾಲ್ಕಾಣೆ ಅಷ್ಟೇ, ಅದರಲ್ಲಿ ಐಸ್ ಕ್ಯಾಂಡಿ ಬರೋದು. ಕೂಲಿ ಜೊತೆ ಕಾಫಿ ಬನ್ನು ಬೇರೆ. ಹುಳ ಮುಟ್ಟಕ್ಕೆ ತಣ್ಣಗೆ, ಮೆತ್ತಗೆ, ಮೊದಲ್ನೇ ಅರ್ಧ ಗಂಟೆ ಮೈ ಜುಂ ಅನ್ನತ್ತೆ, ಆಮೇಲೆ ಅಕ್ಕಿ ಆರಿಸಿದಂಗೆ.

ಎರಡು ದಿನ ಸೇರಿ ನಾನು ತುಂಬಿಸಿದ್ದು ಎಂಟು ಚಂದ್ರಿಕೆ. ಕಾಸು ಸಿಕ್ಕಿದ್ದು ಏಳಕ್ಕೆ. ಯಾಕಂದ್ರೆ ಕೊನೇದು ಬೇಗ ಬೇಗ ತುಂಬಿಸ್ಬೇಕು ಅಂತ ನಾನು ಹಸಿ ಹುಳಾನೂ ಸೇರಿಸಿ ಹಾಕ್ಬಿಟ್ಟಿದ್ದೆ. ಯಜಮಾನಮ್ಮ ಏನೂ ಬೈಲಿಲ್ಲ. ಅದರಿಂದ ಒಂದು ಹುಳ, ತಟ್ಟೆಯಿಂದ ಒಂದು ಹುಳ ತಗೊಂಡು ಬಾಗಿಲ ಹತ್ರ ಬೆಳಕಿಗೆ ಹಿಡಿದ್ಳು, ಒಂದು ಒಳಗೆಲ್ಲಾ ಹೊಳೀತಿತ್ತು, ಬಿಳಿ ದ್ರಾಕ್ಷಿ ಹಣ್ಣಾದಾಗ ಇರತ್ತಲ್ಲ ಹಂಗೆ, ನಾನು ಹಾಕಿದ್ದು ಮಬ್ಬು ಮಬ್ಬು. "ಇದು ಗೂಡು ಕಟ್ಟಲ್ಲ, ಮೇಲೆ ಕೂತು ಉಚ್ಚೆ ಹೊಯ್ದು ಕೆಳಗಿನ ಗೂಡನ್ನೂ ಕಲೆ ಮಾಡತ್ತೆ, ಮಾರ್ಕೆಟ್‌ನಲ್ಲಿ ನೂಲು ತೆಗೆಯೋ ರೀಲರ್ ಕೈ ಹಾಕಿ ನೋಡಿ ರೇಟ್ ಇಳಿಸ್ತಾನೆ" ಅಂದ್ಳು. ಏಳು ನಾಲ್ಕಾಣೆ ಎಣಿಸಿ ಕೈಗಿಟ್ಳು. ನಂಗೆ ಅವತ್ತು ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಅಳ್ತಾ ಬಂದೆ. ಈಗ ಅನ್ಸತ್ತೆ, ಅವಳು ಒಂದು ಚಂದ್ರಿಕೆ ಕಾಸು ಹಿಡ್ಕೊಂಡ್ಳು, ಆದ್ರೆ ಯಾಕೆ ಅಂತ ಬೆಳಕಿಗೆ ಹಿಡಿದು ತೋರಿಸಿದ್ಳು. ಆಮೇಲೆ ನಂಗೆ ಸಿಕ್ಕಿದ ಬಾಸ್‌ಗಳಲ್ಲಿ ಅಷ್ಟು ಮಾಡಿದೋರು ಕಮ್ಮಿ.

ದುಡ್ಡು ಏನಾಯ್ತು ಅಂದ್ರಲ್ಲ. ಗೋಡೆ ಗೂಡಲ್ಲಿ ದೀಪದ ಹಿಂದೆ ಇಟ್ಟಿದ್ದೆ. ಮೂರನೇ ದಿನ ನ್ಯಾಯಬೆಲೆ ಅಂಗಡಿಗೆ ಸೀಮೆಎಣ್ಣೆ ಬಂತು, ಅಮ್ಮ "ಕೊಡ್ತೀನಿ ಬಿಡೇ" ಅಂತ ತಗೊಂಡು ಹೋದ್ಳು. ಅಮ್ಮ ಇನ್ನೂ ಗಟ್ಟಿಮುಟ್ಟಾಗಿದಾಳೆ. ಬಾಕಿ ಇನ್ನೂ ಬಂದಿಲ್ಲ.

ಪ್ರಶ್ನೆ: ಮೇಡಂ, ನಮ್ಮೂರು ಪಾವಗಡ ತಾಲೂಕು. ಬೇಸಿಗೆ ರಜದಲ್ಲಿ ನಾವು ಅಕ್ಕತಂಗೀರು ಬಿತ್ತನೆ ಕಡಲೆಕಾಯಿ ಬಿಡಿಸೋಕೆ ಹೋಗ್ತಿದ್ವಿ, ಸೇರಿಗಿಷ್ಟು ಅಂತ ಕಾಸು. ಇದನ್ನ ಖುಷಿಯಾಗಿ ಮಗಳಿಗೆ ಹೇಳಿದ್ರೆ ಅವಳು (ಡಿಗ್ರಿ ಓದ್ತಿದಾಳೆ) "ಅಮ್ಮ ಅದು ಚೈಲ್ಡ್ ಲೇಬರ್, ಅಜ್ಜಿ ನಿಮ್ಮನ್ನ ದುಡಿಸ್ಕೊಂಡ್ರು" ಅಂತಾಳೆ. ಅವತ್ತಿಂದ ಆ ನೆನಪೇ ಕಹಿ ಆಗಿದೆ. ನಮ್ಮಮ್ಮ ತಪ್ಪು ಮಾಡಿದ್ರಾ?
— ಹೆಸರು ಬೇಡ ಅಂದಿದಾರೆ

ಉತ್ತರ: ನಿಮ್ಮ ಪತ್ರ ಓದಿ ನನ್ನ ಹೆಬ್ಬೆರಳು ಉರೀತು. ಮೆಷಿನ್ ಗೆ ಹಾಕಿದ್ರೆ ಬೀಜ ಒಡೆಯತ್ತೆ, ಮೇಲಿನ ಕೆಂಪು ಸಿಪ್ಪೆ ಕಿತ್ತು ಬಂದ್ರೆ ಮೊಳಕೆ ಸರಿಯಾಗಿ ಬರಲ್ಲ, ಅದಕ್ಕೇ ಬಿತ್ತನೆ ಕಾಯಿ ಕೈಯಲ್ಲೇ ಬಿಡಿಸ್ಬೇಕು, ಮುಂಗಾರು ಹಿಡಿಯೋಕ್ ಮುಂಚೆ ಮುಗೀಬೇಕು, ಅದು ಕರೆಕ್ಟಾಗಿ ಮಕ್ಳ ರಜಕ್ಕೇ ಬರೋದು. ಬಾಯಲ್ಲಿ ಒಂದು, ಸೇರಲ್ಲಿ ಒಂದು. ಯಜಮಾನ್ರು ನೋಡಿದ್ರೆ "ನಾಲ್ಗೆ ತೋರ್ಸು" ಅನ್ನೋರು ಅಲ್ವಾ? ಇನ್ನು ಅಳತೆ. ನಮ್ಮ ಹತ್ರ ಅಳಸ್ಕೊಳ್ಳೋವಾಗ ಸೇರಿನ ಮೇಲೆ ಗೋಪುರ ಕಟ್ಟಿ ಅಳೆಯೋದು, ಅವ್ರು ಬೇರೆಯೋರಿಗೆ ಕೊಡೋವಾಗ ಅಂಗೈಲಿ ಸವರಿ ಸಮ ಮಾಡಿ ಅಳೆಯೋದು. ಅರ್ಥಶಾಸ್ತ್ರ ನಾನು ಕಾಲೇಜಲ್ಲಿ ಓದಿದೀನಿ, ಈ ಪಾಠ ಮಾತ್ರ ಅಲ್ಲಿ ಬರ್ಲಿಲ್ಲ.

ಮಗಳ ಮಾತಿಗೆ ಬರ್ತೀನಿ. ಅವಳು ಹೇಳಿದ ಪದ ತಪ್ಪಲ್ಲ, ನಿಮ್ಮಮ್ಮನ ಮೇಲೆ ಹಾಕಿದ್ದು ತಪ್ಪು. ನಾನು ಮೇಲೆ ಹೇಳಿದ ಹುಳದ ಕಥೆ ಇದೆಯಲ್ಲ, ಅದಕ್ಕೆ ಇನ್ನೊಂದು ಕಡೆ ಇದೆ, ಅದನ್ನ ಅಲ್ಲಿ ಬರೀಲಿಲ್ಲ. ನಾಲ್ಕನೇ ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ದ ಹುಡುಗಿ ಅದೇ ದಸರಾ ರಜದಲ್ಲಿ ಟೌನಲ್ಲಿ ನೂಲು ಬಿಚ್ಚಾಣಿಕೆ ಕೆಲಸಕ್ಕೆ ಹೋದ್ಳು. ಅವ್ರಪ್ಪ ಅಕ್ಕನ ಮದುವೆಗೆ ಅಂತ ಅಡ್ವಾನ್ಸ್ ತಗೊಂಡಿದ್ರು, ಅದು ತೀರೋವರೆಗೂ ಇವಳು ಅಲ್ಲೇ. ಗೂಡು ಕುದಿಯೋ ನೀರಲ್ಲಿ ಬೇಯ್ತಿರತ್ತೆ, ಎಳೆ ತುದಿ ಹುಡುಕೋಕೆ ಆ ಬಿಸಿ ನೀರಿಗೇ ಬೆರಳು ಹಾಕ್ಬೇಕು. ಒಂದಿನ ಸಂತೇಲಿ ಸಿಕ್ಳು, ಮಾತಾಡೋವಾಗ ಕೈ ಲಂಗದಲ್ಲಿ ಮುಚ್ಕೊಳ್ತಾ ಇದ್ಳು, ನೋಡಿದ್ರೆ ಬೆರಳೆಲ್ಲಾ ನೆಂದು ಬೆಳ್ಳಗೆ ಬಿರಿದಿತ್ತು, ಮೈಯೆಲ್ಲಾ ಆ ಸತ್ತ ಹುಳದ ವಾಸನೆ. ನಾನು ಪೆದ್ದಿ "ನಿಂಗೆಷ್ಟು ಕೊಡ್ತಾರೆ?" ಅಂತ ಕೇಳ್ದೆ, ನನ್ನ ಒಂದೂಮುಕ್ಕಾಲು ರೂಪಾಯಿ ಜಂಬ ಹೇಳ್ಕೊಳೋಕೆ. "ಗೊತ್ತಿಲ್ಲ ಕಣೇ, ನಂಗೆ ಕೊಡಲ್ಲ" ಅಂದ್ಳು. ರಜ ಮುಗೀತು, ನಾನು ಸ್ಕೂಲಿಗೆ ಹೋದೆ, ಅವಳ ಜಾಗದಲ್ಲಿ ಬೇರೆ ಹುಡುಗಿ ಕೂತ್ಳು.

ಬಾಲಕಾರ್ಮಿಕ ಕಾಯ್ದೆ ಬಂದಿದ್ದು 1986ರಲ್ಲಿ, ಆಗ ಅವಳು ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಆಗೋಗಿತ್ತು. ಆಮೇಲೂ ನಮ್ಮ ರೇಷ್ಮೆ ಊರುಗಳಲ್ಲಿ ಎಷ್ಟೋ ವರ್ಷ ಮಕ್ಳು ನೂಲು ತೆಗೀತಾನೇ ಇದ್ರು, ಎಲ್ರಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು.

ಅದಕ್ಕೇ ಮಗಳಿಗೆ ಇಷ್ಟು ಹೇಳಿ. ನಿಮ್ಮಮ್ಮನಿಗೆ ಕೂಲಿ ಬಿಟ್ರೆ ಬೇರೆ ದಾರಿ ಇರ್ಲಿಲ್ಲ, ಆದ್ರೂ ಜೂನ್‌ನಲ್ಲಿ ಸ್ಕೂಲ್ ಬಾಗಿಲು ತೆಗೆದಾಗ ನಿಮ್ಮನ್ನ ತಲೆ ಬಾಚಿ ಕಳಿಸಿದ್ರು. ಮಗಳು ಡಿಗ್ರಿ ಓದ್ತಿರೋದೂ ಅದರಿಂದಾನೇ. ಮಗಳ ಸಿಟ್ಟನ್ನ ತಡೀಬೇಡಿ, ಅದು ಬೇಕು, ಸ್ವಲ್ಪ ಅಡ್ರೆಸ್ ಬದಲಾಯಿಸ್ಲಿ ಅಷ್ಟೇ, ಗೋಪುರ ಕಟ್ಟಿ ಅಳೆದೋರ ಕಡೆಗೆ.

ಪ್ರಶ್ನೆ: ನನ್ನ ಮಗ 13 ವರ್ಷ, ಓದೋದು ಅಷ್ಟಕ್ಕಷ್ಟೆ. ಕೋಲಾರ ಮಾರ್ಕೆಟ್‌ನಲ್ಲಿ ನನ್ನ ತಮ್ಮನ ಟೊಮೇಟೊ ಮಂಡಿ ಇದೆ, ರಜದಲ್ಲಿ ಅಲ್ಲಿ ಬಿಡೋಣ ಅಂತ. ದುಡ್ಡಿನ ಬೆಲೆ ತಿಳೀಲಿ. ಕಾನೂನು ತೊಂದ್ರೆ ಇದೆಯಾ?
— ಒಬ್ಬ ತಾಯಿ, ಕೋಲಾರ

ಉತ್ತರ: 14 ವರ್ಷ ತುಂಬದ ಮಕ್ಕಳನ್ನ ಎಲ್ಲೂ ಕೆಲಸಕ್ಕೆ ಇಟ್ಕೊಳಂಗಿಲ್ಲ, 2016ರ ತಿದ್ದುಪಡಿ ಆದ್ಮೇಲೆ ಅದು ಪೂರ್ತಿ ಬಂದ್. ಮನೆಯೋರ ಸ್ವಂತ ವ್ಯಾಪಾರದಲ್ಲಿ ಸ್ಕೂಲ್ ಮುಗಿದ ಮೇಲೆ, ಇಲ್ಲಾ ರಜದಲ್ಲಿ, ಅಪಾಯ ಇಲ್ಲದ ಕೈಸಹಾಯ ಮಾಡಬಹುದು ಅಂತಿದೆ, ಸೋದರಮಾವ ಆ "ಮನೆಯೋರು" ಲೆಕ್ಕದಲ್ಲಿ ಬರ್ತಾರೆ. ಆದ್ರೆ ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಇಲ್ಲ, ದಿನಕ್ಕೆ 3 ಗಂಟೆ ಮೇಲೆ ಇಲ್ಲ. ಸಂಬಳಕ್ಕೆ ಬೇರೆಯೋರ ಹತ್ರ ಬಿಟ್ರೆ ಇಟ್ಕೊಂಡೋರಿಗೆ 20 ಸಾವಿರದಿಂದ 50 ಸಾವಿರ ದಂಡ, ಇಲ್ಲಾ 6 ತಿಂಗಳಿಂದ 2 ವರ್ಷ ಜೈಲು, ಇಲ್ಲಾ ಎರಡೂ.

ಇದು ಕಾನೂನು. ನನ್ನ ಮಾತು ಏನಂದ್ರೆ, ಟೊಮೇಟೊ ಬಾಕ್ಸ್ 15 ಕೆಜಿ, ಸೀಸನ್‌ನಲ್ಲಿ ಆ ಮಾರ್ಕೆಟ್ ಒಳಗೆ ಲಾರಿ, ಟೆಂಪೋ, ತಳ್ಳುಗಾಡಿ ಮಧ್ಯೆ ದೊಡ್ಡೋರೇ ನಿಂತ್ಕೊಳೋಕಾಗಲ್ಲ. ಬಾಕ್ಸ್ ಮುಟ್ಟಿಸ್ಬೇಡಿ. ಮಾವನ ಪಕ್ಕ ಒಂದೆರಡು ಗಂಟೆ ಕೂತು ಹರಾಜು ನೋಡ್ಲಿ, ಚೀಟಿ ಬರೀಲಿ, ಬಾಕ್ಸ್‌ಗಿಷ್ಟು ಅಂತ ಕೂಗಿದ್ದು ಕಮಿಷನ್, ಬಾಡಿಗೆ, ಹಮಾಲಿ ಎಲ್ಲಾ ಕಳೆದು ರೈತನ ಕೈಗೆ ಎಷ್ಟು ಹೋಯ್ತು ಅಂತ ಅವನೇ ಲೆಕ್ಕ ಹಾಕ್ಲಿ. ಗಣಿತ ಅಲ್ಲಿಂದಾನೇ ಶುರುವಾದ್ರೂ ಆಗಬಹುದು. ಮಾವ ಖುಷಿಗೆ ಕೊಟ್ಟ ಕಾಸಿಗೆ ಬ್ಯಾಂಕ್ ಖಾತೆ ಮಾಡಿಸಿ, 10 ವರ್ಷ ದಾಟಿದ ಮಕ್ಳು ಅವರೇ ಖಾತೆ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ನೀವು ಮಾತ್ರ ಅದರಿಂದ ಸೀಮೆಎಣ್ಣೆಗೆ ತೆಗೀಬೇಡಿ.

ಪ್ರಶ್ನೆ: ಮೂರನೇ ಕ್ಲಾಸಿನ ಮೊಮ್ಮಗಳು ಹುಣಸೆಹಣ್ಣಿನ ಬೀಜ ತೆಗೆದುಕೊಡ್ತೀನಿ, ಕೆಜಿಗೆ ಹತ್ತು ರೂಪಾಯಿ ಅಂತ ನನ್ನ ಹತ್ರಾನೇ ರೇಟ್ ಮಾತಾಡ್ತಾಳೆ! ಕೊಡ್ಲಾ?
— ಅಜ್ಜಿ, ತುಮಕೂರು

ಉತ್ತರ: ಕೊಡಿ ಅಜ್ಜಿ. ಆದ್ರೆ ತೂಕ ಬೀಜ ತೆಗೆಯೋಕ್ ಮುಂಚೆನಾ ಆಮೇಲಾ ಅಂತ ಈಗ್ಲೇ ಮಾತಾಡ್ಕೊಳಿ, ಕಾಯಿ ತೂಕದಲ್ಲಿ ಹತ್ತತ್ರ ಮೂರನೇ ಒಂದು ಭಾಗ ಬೀಜಾನೇ ಇರತ್ತೆ. ಅವಳಿಗೆ ಇದು ಗೊತ್ತಿದ್ರೆ ನೀವು ಸೋತ್ರಿ.

ಪ್ರಶ್ನೆ: ಚಿಕ್ಕಂದಿನಲ್ಲಿ ಹೂ ಕಟ್ಟಿ ದುಡಿದ ನಾಲ್ಕಾಣೆಗಳು ಒಂದು ಹಾರ್ಲಿಕ್ಸ್ ಬಾಟ್ಲಿ ತುಂಬಾ ಇದೆ. ಬ್ಯಾಂಕ್‌ನಲ್ಲಿ ತಗೋತಾರಾ?
— ಓದುಗರು, ಗೌರಿಬಿದನೂರು

ಉತ್ತರ: ಇಲ್ಲ, 2011ರ ಜೂನ್ 30ರಿಂದ ನಾಲ್ಕಾಣೆ ಚಲಾವಣೇಲಿಲ್ಲ. ಬಾಟ್ಲಿ ಹಂಗೇ ಇಟ್ಕೊಳಿ. ಅದರಲ್ಲಿ ಏಳು ಮಾತ್ರ ನಂಗೆ ಕಳಿಸಿ, ಅಮ್ಮನ ಕೈಗೆ ಕೊಟ್ಟು ವಾಪಸ್ ಇಸ್ಕೋತೀನಿ.