ಡಿನಾಮೊ ಬಿಟ್ಟರೆ ಅಲ್ಲಿ ಬೇರೆ ಯಾರೂ ಗೆಲ್ಲಲ್ವಾ?

ಪ್ರಶ್ನೆ: ಕ್ರೊಯೇಷ್ಯಾ ತಂಡ 2018ರಲ್ಲಿ ಫುಟ್‌ಬಾಲ್ ವಿಶ್ವಕಪ್ ಫೈನಲ್ ಆಡಿತು. ಆದರೆ ಅವರ ಲೀಗ್ ಪಟ್ಟಿ ನೋಡಿದರೆ ವರ್ಷಾ ವರ್ಷ ಡಿನಾಮೊ ಝಾಗ್ರೆಬ್ ಒಂದೇ ಹೆಸರು. ಅದರಲ್ಲಿ ನೋಡೋಕೆ ಏನಿದೆ?
(ಶಿವಮೊಗ್ಗದ ಓದುಗರು)

ನಿಮ್ಮ ಬೇಸರ ನ್ಯಾಯವೇ. 2005-06ರಿಂದ 2015-16ರವರೆಗೆ ಸತತ 11 ಸಲ ಡಿನಾಮೊ ಗೆದ್ದಿದೆ. 2014-15ರಲ್ಲಂತೂ ಲೀಗ್‌ನಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಕಾರಣ ಗುಟ್ಟೇನಲ್ಲ, ದುಡ್ಡು. ಹುಡುಗರನ್ನು ಬೆಳೆಸುತ್ತಾರೆ, ದೊಡ್ಡ ಕ್ಲಬ್‌ಗಳಿಗೆ ಮಾರುತ್ತಾರೆ (ಲೂಕಾ ಮೊಡ್ರಿಚ್ ಇಲ್ಲಿಂದಲೇ 2008ರಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್‌ಗೆ ಹೋದದ್ದು), ಆ ಹಣದಲ್ಲಿ ಮತ್ತೆ ತಂಡ ಕಟ್ಟುತ್ತಾರೆ, ಯೂರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್‌ಗೆ ಹೋದರೆ ಅಲ್ಲಿಂದ ಇನ್ನಷ್ಟು ಹಣ. ಉಳಿದವರು ಏನು ಮಾಡಬೇಕು ಹೇಳಿ.

ಆದರೂ 2016-17ರ ಸೀಸನ್ ಒಂದನ್ನು ನೋಡಿ. ಆ ವರ್ಷ ಗೆದ್ದದ್ದು ರಿಯೆಕಾ. ಆಡ್ರಿಯಾಟಿಕ್ ಸಮುದ್ರದ ದಡದ ಬಂದರು ಊರು, ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಕ್ಲಬ್‌ಗೆ ಅದು ಮೊಟ್ಟಮೊದಲ ಲೀಗ್ ಕಿರೀಟ. ಅದಕ್ಕೆ ಮುಂಚೆ ಸಾಲಾಗಿ ಮೂರು ವರ್ಷ ಎರಡನೇ ಸ್ಥಾನ. ಬಾಗಿಲ ತನಕ ಹೋಗಿ ವಾಪಸ್ ಬರೋದು ಅಂದರೆ ಅದೇ.

ನನಗೆ ಆ ಸೀಸನ್‌ನಲ್ಲಿ ಇಷ್ಟವಾಗೋದು ಗೋಲುಗಳಲ್ಲ, ಅಂಕಪಟ್ಟಿ. ಅಲ್ಲಿ 10 ತಂಡಗಳಿದ್ದವು, ಒಬ್ಬೊಬ್ಬರ ಜೊತೆ ನಾಲ್ಕು ನಾಲ್ಕು ಸಲ ಆಟ, ಒಟ್ಟು 36 ಪಂದ್ಯ. ರಿಯೆಕಾ 27 ಗೆದ್ದಿತು. ಡಿನಾಮೊ ಎಷ್ಟು ಗೆದ್ದಿತು ಗೊತ್ತಾ? ಅದೂ 27. ಗೆಲುವಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ರಿಯೆಕಾ 7 ಡ್ರಾ ಮಾಡಿ 2 ಸೋತಿತು, ಡಿನಾಮೊ 5 ಡ್ರಾ ಮಾಡಿ 4 ಸೋತಿತು. 88 ಅಂಕ, 86 ಅಂಕ. ಅಷ್ಟೇ. ಗೆಲ್ಲೋಕೆ ಆಗದ ದಿನ ಸೋಲದೆ ಒಂದು ಅಂಕ ಜೇಬಿಗೆ ಹಾಕಿಕೊಂಡು ಮನೆಗೆ ಬಂದದ್ದೇ ಅವರ ಕಿರೀಟ. ಹನಿ ಹನಿಗೂಡಿದರೆ ಹಳ್ಳ ಅಂತೀವಲ್ಲ, ಲೆಕ್ಕ ಹಾಕಿದರೆ ಇಲ್ಲಿ ಎರಡೇ ಹನಿ ಜಾಸ್ತಿ!

ಕೋಚ್ ಸ್ಲೊವೇನಿಯಾದ ಮಾತ್ಯಾಜ್ ಕೆಕ್. 2010ರ ವಿಶ್ವಕಪ್‌ಗೆ ತನ್ನ ದೇಶದ ತಂಡವನ್ನು ಕರೆದೊಯ್ದವನು. 2013ರಲ್ಲಿ ರಿಯೆಕಾಗೆ ಬಂದ. ಮೂರು ಸಲ ಎರಡನೇ ಸ್ಥಾನ ಬಂದಾಗಲೂ ಕ್ಲಬ್ ಅವನನ್ನು ತೆಗೆಯಲಿಲ್ಲ, ನನ್ನ ಪ್ರಕಾರ ಅರ್ಧ ಗೆಲುವು ಅಲ್ಲೇ ಇತ್ತು. ಮೈದಾನದಲ್ಲಿ ಮುಖ್ಯ ಮನುಷ್ಯ ಫ್ರಾಂಕೊ ಆಂಡ್ರಿಯಾಶೆವಿಚ್, ಮಿಡ್‌ಫೀಲ್ಡ್‌ನಿಂದ ನುಗ್ಗಿ ಗೋಲು ಹೊಡೆಯುವವನು. ತಮಾಷೆ ಅಂದರೆ ಅವನು ಇನ್ನೊಂದು ಎದುರಾಳಿ ಕ್ಲಬ್ ಹೈದುಕ್‌ನಲ್ಲಿ ಬೆಳೆದು, ಡಿನಾಮೊದಲ್ಲಿ ಆಡಿ, ಆಮೇಲೆ ರಿಯೆಕಾಗೆ ಬಂದವನು.

ಮೇ 21, 2017ರಂದು ತವರಿನಲ್ಲಿ ಸಿಬಾಲಿಯಾ ತಂಡವನ್ನು 4-0ಯಿಂದ ಸೋಲಿಸಿದಾಗ ಕಿರೀಟ ಖಚಿತವಾಯಿತು, ಇನ್ನೂ ಒಂದು ಪಂದ್ಯ ಉಳಿದಿರುವಾಗಲೇ. ಆ ಕೊನೇ ಪಂದ್ಯ ಝಾಗ್ರೆಬ್‌ನಲ್ಲಿ ಡಿನಾಮೊ ವಿರುದ್ಧವೇ. ಅಲ್ಲಿ ರಿಯೆಕಾ 5-2ರಿಂದ ಸೋತಿತು. ಹಬ್ಬ ಮುಗಿದ ಮನೆಯಲ್ಲಿ ಯಾರು ಬೇಗ ಏಳ್ತಾರೆ, ಅಲ್ವಾ? ಅದಾದ ಕೆಲವೇ ದಿನಕ್ಕೆ ವರಾಜ್ದಿನ್ ಊರಿನಲ್ಲಿ ಕ್ರೊಯೇಷ್ಯಾ ಕಪ್ ಫೈನಲ್, ಇದು ಲೀಗ್‌ಗಿಂತ ಬೇರೆ ಟೂರ್ನಿ. ಎದುರಾಳಿ ಮತ್ತೆ ಡಿನಾಮೊ, ಈ ಸಲ ರಿಯೆಕಾ 3-1. ಒಂದೇ ವರ್ಷ ಎರಡೂ ಟ್ರೋಫಿ.

ಪ್ರಶ್ನೆ: ಒಂದು ಲೀಗ್ ಗೆದ್ದಿದ್ದಕ್ಕೆ ರಿಯೆಕಾದ ಮುದುಕರೆಲ್ಲ ಅತ್ತುಬಿಟ್ಟರಂತೆ. ಇದು ಸ್ವಲ್ಪ ಜಾಸ್ತಿ ಆಯಿತು ಅನ್ನಿಸಲ್ವಾ?
(ದಾವಣಗೆರೆಯ ಓದುಗರು)

ಅನ್ನಿಸಲ್ಲ. 1999ರ ಕಥೆ ಕೇಳಿದರೆ ನಿಮಗೂ ಅನ್ನಿಸಲ್ಲ. ಆ ವರ್ಷ ಕೊನೇ ದಿನ ತವರಿನಲ್ಲಿ ಒಸಿಯೆಕ್ ತಂಡವನ್ನು ಸೋಲಿಸಿದರೆ ರಿಯೆಕಾ ಚಾಂಪಿಯನ್. ಸ್ಕೋರ್ 1-1. ಆಟ ಮುಗಿಯೋಕೆ ಬಂದಾಗ ರಿಯೆಕಾದ ಹಸಾಂಚಿಚ್ ಚೆಂಡನ್ನು ಬಲೆಗೆ ಹಾಕಿದ, ಇಡೀ ಊರು ಎದ್ದು ನಿಂತಿತು, ಅಷ್ಟರಲ್ಲಿ ಲೈನ್ಸ್‌ಮನ್ ಬಾವುಟ ಎತ್ತಿದ. ಆಫ್‌ಸೈಡ್, ಅಂದರೆ ಗೋಲು ಲೆಕ್ಕಕ್ಕಿಲ್ಲ. ಕಿರೀಟ ಡಿನಾಮೊಗೆ ಹೋಯಿತು, ಆಗ ಅದರ ಹೆಸರು ಕ್ರೊಯೇಷ್ಯಾ ಝಾಗ್ರೆಬ್. ಆಮೇಲೆ ಟಿವಿ ದೃಶ್ಯ ಕೂಲಂಕಷವಾಗಿ ನೋಡಿದಾಗ ಆಫ್‌ಸೈಡ್ ಆಗಿರಲೇ ಇಲ್ಲ ಎಂದು ಗೊತ್ತಾಯಿತು. ಗೊತ್ತಾಗಿ ಏನು ಬಂತು? ಆ ನೋವನ್ನು 18 ವರ್ಷ ಇಟ್ಟುಕೊಂಡಿದ್ದವರು 2017ರಲ್ಲಿ ಅಳದೆ ಇನ್ನೇನು ಮಾಡ್ತಾರೆ.

ಪ್ರಶ್ನೆ: ಒಂದು ಕಡೆ ಬಂಡೆ, ಇನ್ನೊಂದು ಕಡೆ ಸಮುದ್ರ ಇರುವ ಸ್ಟೇಡಿಯಂ ಚಿತ್ರ ನೋಡಿದ್ದೆ. ರಿಯೆಕಾದ್ದೇ ಅಲ್ವಾ? ಕಿರೀಟ ಗೆದ್ದದ್ದು ಅಲ್ಲೇನಾ?
(ಮಂಗಳೂರಿನ ಓದುಗರು)

ಸ್ಟೇಡಿಯಂ ಅವರದ್ದೇ, ಹೆಸರು ಕಾಂತ್ರಿದಾ. ಹಳೇ ಕಲ್ಲುಕ್ವಾರಿಯ ಜಾಗ. ಪಾಪ, ಕಿರೀಟ ಮಾತ್ರ ಅಲ್ಲಿ ಬರಲಿಲ್ಲ. ಅದನ್ನು ಕೆಡವಿ ಹೊಸದು ಕಟ್ಟುತ್ತೇವೆ ಎಂದು 2015ರಲ್ಲಿ ತಂಡವನ್ನು ಗುಡ್ಡದ ಮೇಲಿನ ರುಯೆವಿಚಾ ಮೈದಾನಕ್ಕೆ ಕಳಿಸಿದರು. ಅಲ್ಲಿ ಎಂಟು ಸಾವಿರ ಚಿಲ್ಲರೆ ಸೀಟು. ತಾತ್ಕಾಲಿಕ ಅಂದಿದ್ದರು. ಬಾಡಿಗೆ ಮನೆಗೆ ಹೋದವರು ಹೇಳೋದೂ ಅದನ್ನೇ ತಾನೆ. ಅದೇ ಗುಡ್ಡದ ಮೇಲೆ 2017ರ ಡಿಸೆಂಬರ್‌ನಲ್ಲಿ ಯೂರೋಪಾ ಲೀಗ್ ಆಡಲು ಬಂದ ಇಟಲಿಯ ಎಸಿ ಮಿಲಾನ್ 2-0ಯಿಂದ ಸೋತು ಹೋಯಿತು.

ಪ್ರಶ್ನೆ: ನಮ್ಮ ಭಾರತ ತಂಡದ ಕೋಚ್ ಆಗಿದ್ದ ಇಗೊರ್ ಸ್ಟಿಮಾಚ್ ಇದೇ ಕ್ಲಬ್‌ನವರಾ?
(ಬೆಂಗಳೂರಿನ ಓದುಗರು)

ಅಲ್ಲ, ಅವರು ಸ್ಪ್ಲಿಟ್ ಊರಿನ ಹೈದುಕ್ ಕ್ಲಬ್‌ನವರು. ನಮ್ಮಲ್ಲಿ 2019ರಿಂದ 2024ರವರೆಗೆ ಕೋಚ್ ಆಗಿದ್ದರು. 2023ರ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯಲ್ಲಿ ಪಾಕಿಸ್ತಾನದ ವಿರುದ್ಧದ ಪಂದ್ಯದಲ್ಲಿ ಎದುರಾಳಿ ಥ್ರೋ ಹಾಕೋಕೆ ಹೋದಾಗ ಅಡ್ಡ ಬಂದು ಕೆಂಪು ಕಾರ್ಡ್ ತಿಂದರಲ್ಲ, ಅದು ನಿಮ್ಮ ಕಂಠೀರವ ಸ್ಟೇಡಿಯಂನಲ್ಲೇ. ಸುನಿಲ್ ಚೆಟ್ರಿ ಮೂರು ಗೋಲು ಹೊಡೆದ ಪಂದ್ಯ, ನಾವು 4-0. ಬಿಡಿ, ಹೈದುಕ್ ಕಥೆ ಇನ್ನೂ ಬೇಸರದ್ದು. ಅವರು ಕೊನೆಯ ಸಲ ಲೀಗ್ ಗೆದ್ದದ್ದು 2005ರಲ್ಲಿ.

ಪ್ರಶ್ನೆ: ರಿಯೆಕಾ ಆಮೇಲೆ ಮತ್ತೆ ಗೆದ್ದಿತಾ, ಅಥವಾ ಅದೊಂದು ವರ್ಷದ ಮಾತಾ?
(ಹುಬ್ಬಳ್ಳಿಯ ಓದುಗರು)

ಆಮೇಲಿನ 7 ವರ್ಷ ಮತ್ತೆ ಡಿನಾಮೊದ್ದೇ ರಾಜ್ಯ. 2018ರಲ್ಲಿ ಕೆಕ್ ಕೂಡ ಹೊರಟುಹೋದ. ಇನ್ನು ಮುಗಿಯಿತು ಅಂದುಕೊಂಡಾಗ 2024-25 ಬಂತು. ಸೀಸನ್ ಶುರುವಾದ ಸ್ವಲ್ಪ ದಿನಕ್ಕೇ ಕೋಚ್ ಬದಲಾಗಿ ರಾಡೊಮಿರ್ ಜಾಲೊವಿಚ್ ಬಂದ. ಹೈದುಕ್, ಡಿನಾಮೊ, ರಿಯೆಕಾ ಮೂರೂ ಕೊನೆಯವರೆಗೆ ಒಟ್ಟಿಗೇ ಓಡಿದವು. ಕೊನೇ ದಿನ ರಿಯೆಕಾ ಸ್ಲಾವೆನ್ ಬೆಲುಪೊ ವಿರುದ್ಧ 2-1ರಿಂದ ಗೆದ್ದು 65 ಅಂಕ ಮಾಡಿತು. ಡಿನಾಮೊ ಕೂಡ 65. ಹೈದುಕ್ 63. ಸಮ ಆದರೆ ಇಬ್ಬರ ನಡುವಿನ ಪಂದ್ಯಗಳ ಲೆಕ್ಕ ನೋಡಬೇಕು ಎಂಬುದು ಅಲ್ಲಿನ ನಿಯಮ, ಆ ಲೆಕ್ಕದಲ್ಲಿ ರಿಯೆಕಾ ಮುಂದಿತ್ತು. ಈ ಸಲ ಎರಡು ಹನಿಯೂ ಜಾಸ್ತಿ ಇರಲಿಲ್ಲ ನೋಡಿ.