ದಾವಣಗೆರೆ, ಚಿತ್ರದುರ್ಗ ಕಡೆ ಶಿಕ್ಷಕರಿಗೆ, ಯುವಕ ಸಂಘದವರಿಗೆ ತರಬೇತಿ, ಶಿಬಿರಗಳ ಅವಕಾಶ ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆ ಓದಿದೆ ಮೇಡಂ. ಜಗಳೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನೀವು ವಿಜ್ಞಾನ ಶಿಕ್ಷಕಿ, ನಿಮ್ಮ ತಮ್ಮ ಊರಿನ ಯುವಕ ಸಂಘ ನೋಡಿಕೊಳ್ಳುತ್ತಾರೆ. ಒಳ್ಳೆಯ ತರಬೇತಿ, ಶಿಬಿರಗಳೆಲ್ಲ ಬೆಂಗಳೂರಿನಲ್ಲೇ ನಡೆಯುತ್ತವೆ, ಇಲ್ಲಿಯದ್ದೂ ಗೊತ್ತಾಗುವಷ್ಟರಲ್ಲಿ ಕೊನೆಯ ದಿನ ಮುಗಿದಿರುತ್ತದೆ ಎಂದು ಬರೆದಿದ್ದೀರಿ.

ಬೆಂಗಳೂರಿನಲ್ಲೇ ಎಲ್ಲ ಎನ್ನುವುದು ಸರಿಯಲ್ಲ. ತಡವಾಗಿ ಗೊತ್ತಾಗುತ್ತದೆ ಎನ್ನುವುದು ಮಾತ್ರ ನೂರಕ್ಕೆ ನೂರು ನಿಜ. ನಮ್ಮ ಕಡೆ ಅವಕಾಶಗಳು ಸುತ್ತೋಲೆಯ ರೂಪದಲ್ಲಿ ಬರುತ್ತವೆ. ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರ (ಡಿಡಿಪಿಐ) ಕಚೇರಿಯಿಂದ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ, ಅಲ್ಲಿಂದ ಮುಖ್ಯ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ. ಆ ಗುಂಪಿನಲ್ಲಿ ಬಿಸಿಯೂಟದ ಲೆಕ್ಕ, ಮಕ್ಕಳ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್ ಅಪ್‌ಡೇಟ್, ಸಭೆಯ ನೋಟಿಸ್ ಎಲ್ಲದರ ಅಡಿಯಲ್ಲಿ ತರಬೇತಿಯ ಪಿಡಿಎಫ್ ಹೂತುಹೋಗುತ್ತದೆ. ಸುತ್ತೋಲೆಗೆ ಕಾಯುತ್ತಾ ಕೂರದೆ, ಯಾವ ತಿಂಗಳಲ್ಲಿ ಏನು ಬರುತ್ತದೆ, ಅದು ಯಾರ ಟೇಬಲ್ ಮೇಲೆ ಇರುತ್ತದೆ ಎಂದು ಮೊದಲೇ ತಿಳಿದುಕೊಂಡು ಕೇಳಿಕೊಂಡು ಹೋಗಬೇಕು. ಜೂನ್ ಎರಡನೇ ವಾರದಲ್ಲಿ ಒಮ್ಮೆ ದಾವಣಗೆರೆಗೆ ಹೋಗಿ ಡಿಡಿಪಿಐ ಕಚೇರಿಯ ವಿಜ್ಞಾನ ವಿಷಯ ಪರಿವೀಕ್ಷಕರನ್ನೂ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ನಿಮ್ಮ ತಾಲ್ಲೂಕಿನ ಹೊಣೆ ಹೊತ್ತ ನೋಡಲ್ ಉಪನ್ಯಾಸಕರನ್ನೂ ಕಾಣಿ. ಬಾಯಲ್ಲಿ ಹೇಳಿ ಬಂದರೆ ಸಾಲದು. ಹೆಸರು, ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಸಂಖ್ಯೆ, ವಿಷಯ, ಯಾವ ತರಬೇತಿಗೆ ಹೋಗಲು ಸಿದ್ಧ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಮುಖ್ಯ ಶಿಕ್ಷಕರ ಸಹಿ ಹಾಕಿಸಿ ಕೊಡಿ. ಹೆಸರು ಕಳುಹಿಸಲು ಎಷ್ಟೋ ಸಲ ಒಂದೇ ದಿನದ ಗಡುವು ಇರುತ್ತದೆ. ಆಗ ಕಣ್ಣೆದುರು ಇರುವ ಹಾಳೆಯ ಹೆಸರೇ ಹೋಗುತ್ತದೆ.

ನಿಮಗೆ ಮೊದಲು ಹೇಳಬೇಕಾದ್ದು ಚಳ್ಳಕೆರೆ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಆ ತಾಲ್ಲೂಕಿನ ಕುದಾಪುರದಲ್ಲಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರ ಪ್ರೌಢಶಾಲೆ ಮತ್ತು ಪಿಯು ವಿಜ್ಞಾನ, ಗಣಿತ ಶಿಕ್ಷಕರಿಗೆಂದೇ ವಸತಿ ಸಹಿತ ತರಬೇತಿ ನಡೆಸುತ್ತದೆ. ಅಲ್ಲಿ ಪ್ರಯೋಗಗಳನ್ನು ನಾವೇ ಕೈಯಿಂದ ಮಾಡಬೇಕು. ದೇಶದ ಬೇರೆ ಬೇರೆ ಮೂಲೆಗಳಿಂದ ಶಿಕ್ಷಕರು ಅಲ್ಲಿಗೆ ಬರುತ್ತಾರೆ, ನಮ್ಮ ಪಕ್ಕದ ತಾಲ್ಲೂಕಿನವರೇ ಹೋಗದಿದ್ದರೆ ಹೇಗೆ? ಹೋಗುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಪ್ರಯೋಗಾಲಯದಲ್ಲಿ ಏನಿದೆ, ಏನಿಲ್ಲ ಎಂಬ ಪಟ್ಟಿಯನ್ನು ಜತೆಗೆ ಒಯ್ಯಿರಿ. ಮೈಕ್ರೋಸ್ಕೋಪ್ ಇದ್ದೂ ಲೆನ್ಸ್‌ಗೆ ಬೂಷ್ಟು ಹಿಡಿದಿರುತ್ತದೆ, ಮಲ್ಟಿಮೀಟರ್ ಇದ್ದೂ ಬ್ಯಾಟರಿ ಸೋರಿರುತ್ತದೆ. ಪಟ್ಟಿ ಕೈಯಲ್ಲಿದ್ದರೆ ಅಲ್ಲಿ ಮಾಡಿದ ಪ್ರತಿ ಪ್ರಯೋಗವನ್ನೂ ‘ಇದನ್ನು ನಮ್ಮಲ್ಲಿರುವುದರಿಂದ ಹೇಗೆ ಮಾಡಲಿ’ ಎಂದು ಅಲ್ಲಿಯೇ ಕೇಳಬಹುದು. ಅನ್ಯ ಕರ್ತವ್ಯದ ಮೇಲೆ ಹೋಗಲು ಕೊಡುವ ಓಓಡಿ ಆದೇಶ ಕೈಗೆ ಬಂದ ಮೇಲೆಯೇ ಹೊರಡಿ. ಹಾಜರಾತಿ ಪ್ರಮಾಣಪತ್ರದ ಮೂಲ ಪ್ರತಿಯನ್ನು ಸೇವಾ ದಾಖಲೆಗೆ ಕೊಟ್ಟು ನಕಲು ಇಟ್ಟುಕೊಳ್ಳಿ.

ಇನ್ಸ್‌ಪೈರ್ ಅವಾರ್ಡ್ ಮಾನಕ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಶಾಲೆಗಳು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಇದು ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆ ಹಣ ಕೊಡುವ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆ. ಒಂದು ಶಾಲೆ 5 ಮಕ್ಕಳ ತನಕ ಹೆಸರು ಕಳುಹಿಸಬಹುದು. ಆಯ್ಕೆಯಾದ ಮಗುವಿನ ಖಾತೆಗೆ ನೇರವಾಗಿ 10,000 ರೂಪಾಯಿ ಬರುತ್ತದೆ. ಅದರಲ್ಲಿ ಮಾದರಿ ಮಾಡಿ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುವುದು. ಮಳೆಗಾಲ ಶುರುವಾಗುವ ಹೊತ್ತಿಗೇ ಪೋರ್ಟಲ್ ನೋಡುತ್ತಿರಬೇಕು. ಕೊನೆಯ ವಾರದಲ್ಲಿ ಸರ್ವರ್ ನಿಧಾನವಾಗುತ್ತದೆ. ಶಾಲೆಯ ನೋಂದಣಿ ಆಗಿದ್ದರೂ ಪಾಸ್‌ವರ್ಡ್ ವರ್ಗವಾಗಿ ಹೋದ ಶಿಕ್ಷಕರ ಮೊಬೈಲ್‌ನಲ್ಲಿ ಉಳಿದಿರುತ್ತದೆ. ಅದನ್ನು ಜೂನ್‌ನಲ್ಲೇ ಸರಿಮಾಡಿಕೊಂಡು ಶಾಲೆಯ ಹೆಸರಿನ ಇ–ಮೇಲ್‌ಗೆ ಬದಲಾಯಿಸಿಕೊಳ್ಳಿ.

ಅರ್ಜಿ ಬಿದ್ದುಹೋಗುವುದು ಎರಡು ಕಾರಣಕ್ಕೆ. ಒಂದು, ಬ್ಯಾಂಕ್ ಖಾತೆ. ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿರುತ್ತದೆ, ಅಥವಾ ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ಹೆಸರು ಕಳುಹಿಸುವ ಮೊದಲು ಆ ಖಾತೆಗೆ 100 ರೂಪಾಯಿ ಹಾಕಿಸಿ ಎಂಟ್ರಿ ಬೀಳುತ್ತದೆಯೇ ನೋಡಿ. ಎರಡು, ಐಡಿಯಾ. ಯೂಟ್ಯೂಬ್ ನೋಡಿ ಮಾಡಿದ ಸಿರಿಂಜ್ ಜೆಸಿಬಿ, ಸ್ಮಾರ್ಟ್ ಕಸದ ಬುಟ್ಟಿ, ಜ್ವಾಲಾಮುಖಿ ಇವುಗಳನ್ನು ಕಳುಹಿಸಿ ಪ್ರಯೋಜನವಿಲ್ಲ. ಹೊಸತನ ಇಲ್ಲದ್ದನ್ನು ಮೊದಲ ಸುತ್ತಿನಲ್ಲೇ ತೆಗೆದುಹಾಕುತ್ತಾರೆ. ತರಗತಿಯಲ್ಲಿ ಒಂದು ಡಬ್ಬಿ ಇಟ್ಟು, ‘ಮನೆಯಲ್ಲಿ, ಹೊಲದಲ್ಲಿ ಅಪ್ಪ–ಅಮ್ಮನಿಗೆ ಕೈ ನೋಯಿಸುವ ಕೆಲಸ ಯಾವುದು’ ಎಂದು 15 ದಿನ ಚೀಟಿ ಬರೆಸಿ. ಮೆಕ್ಕೆಜೋಳದ ತೆನೆ ಬಿಡಿಸುವುದು, ಈರುಳ್ಳಿ ಕೊಳೆಯುವುದು, ಶೇಂಗಾ ಕಾಯಿ ಬಿಡಿಸುವುದು, ಟ್ಯಾಂಕರ್ ನೀರು ಹಿಡಿಯುವಾಗ ಚೆಲ್ಲುವುದು ಎಲ್ಲ ಅದರಿಂದ ಬರುತ್ತದೆ. ನಿಮ್ಮ ತಾಲ್ಲೂಕಿನಲ್ಲಂತೂ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5 ಗಡಿ. ಜಲಜೀವನ್ ಮಿಷನ್‌ನಲ್ಲಿ ಪಂಚಾಯಿತಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿರುತ್ತಾರೆ, ಕೇಳಿ ತನ್ನಿ. ಊರಿನ ಐದು ಕೊಳವೆಬಾವಿಗಳ ನೀರನ್ನು ಮಕ್ಕಳು ನಿಮ್ಮ ಎದುರಿಗೇ ಪರೀಕ್ಷಿಸಿ ನಕ್ಷೆಯಲ್ಲಿ ಬಣ್ಣ ಹಚ್ಚಿದರೆ, ಅಲ್ಲಿಂದ ಹುಟ್ಟುವ ಪ್ರಶ್ನೆಗಳು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಹತ್ತನೇ ತರಗತಿಯವರಿಗಿಂತ 8, 9ನೇ ತರಗತಿಯವರನ್ನೇ ಆರಿಸಿ. ಹಣ ಬಂದು ಜಿಲ್ಲಾ ಪ್ರದರ್ಶನ ನಡೆಯುವ ವೇಳೆಗೆ ಹತ್ತರವರು ಶಾಲೆ ಬಿಟ್ಟಿರುತ್ತಾರೆ.

ಸ್ಕೌಟ್ಸ್ ಮತ್ತು ಗೈಡ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ, ಕೆರೆಯ ಹತ್ತಿರ, ಅವರ ತರಬೇತಿ ಕೇಂದ್ರವೇ ಇದೆ. ಹುಡುಗಿಯರ ಗೈಡ್ಸ್ ದಳ ನಡೆಸುವ ಶಿಕ್ಷಕಿಯರಿಗೆ ಇರುವ ಗೈಡ್ ಕ್ಯಾಪ್ಟನ್ ಬೇಸಿಕ್ ಕೋರ್ಸ್ 7 ದಿನ, ಅಲ್ಲೇ ಉಳಿಯಬೇಕು. ರೀಫ್ ನಾಟ್, ಕ್ಲೋವ್ ಹಿಚ್, ಬೋಲೈನ್ ಈ ಮೂರು ಗಂಟುಗಳನ್ನು ಮನೆಯಲ್ಲೇ ಒಂದೂವರೆ ಮೀಟರ್ ಹಗ್ಗದಲ್ಲಿ ಅಭ್ಯಾಸ ಮಾಡಿಕೊಂಡು ಹೋದರೆ ಮೊದಲ ಎರಡು ದಿನ ಹಗುರ. ತರಬೇತಿ ಮುಗಿಸಿ ಬಂದ ಶಿಕ್ಷಕರು ದಳದ ನೋಂದಣಿ ಮಾಡಿಸದೆ, ಮಾಡಿಸಿದರೂ ವರ್ಷವರ್ಷ ನವೀಕರಿಸದೆ ಬಿಡುತ್ತಾರೆ. ಮಕ್ಕಳು ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ ಎಂಬ ಹಂತಗಳನ್ನು ದಾಟಿಯೇ ರಾಜ್ಯ ಪುರಸ್ಕಾರ ಪ್ರಶಸ್ತಿಗೆ ಹೋಗಬೇಕು, ಹಂತ ಹಂತಕ್ಕೂ ತಿಂಗಳುಗಟ್ಟಲೆ ಅಂತರ ಬೇಕು. ಎಂಟನೇ ತರಗತಿಯ ಮೊದಲ ತಿಂಗಳಲ್ಲೇ ಹೆಸರು ಸೇರಿಸದಿದ್ದರೆ ಹತ್ತು ಮುಗಿಯುವುದರೊಳಗೆ ಮಗು ಅಲ್ಲಿಗೆ ತಲುಪುವುದಿಲ್ಲ.

ಪ್ರಾಥಮಿಕ ಶಾಲೆಯ ಗೆಳತಿಯರಿದ್ದರೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ 30 ದಿನದ ತರಬೇತಿ ಬಗ್ಗೆ ತಿಳಿಸಿ. ಕೇಂದ್ರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ (ಸಿಸಿಆರ್‌ಟಿ) ಹೈದರಾಬಾದ್ ಮುಂತಾದ ಕಡೆ ಕಲೆ, ಸಂಸ್ಕೃತಿಯ ತರಬೇತಿ ನಡೆಸುತ್ತದೆ. ಇವೆರಡಕ್ಕೂ ಹೆಸರು ಇಲಾಖೆಯ ಮೂಲಕವೇ ಹೋಗಬೇಕು. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ ಮಾತ್ರ ನೀವೇ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಆದ್ದರಿಂದ ಮಾಡಿದ ಕೆಲಸದ ಫೋಟೊಗಳನ್ನು ದಿನಾಂಕ ಸಹಿತ ಈಗಿನಿಂದಲೇ ಕೂಡಿಡಿ.

ಈಗ ನಿಮ್ಮ ತಮ್ಮನ ವಿಷಯ. ಸಂಘ ನೋಂದಣಿಯಾಗಿದೆಯೇ ಎಂದು ಮೊದಲು ಕೇಳಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಸದಸ್ಯರು ಸಾಕು. ನೋಂದಣಿ ಮಾಡಿಸುವುದು ಸುಲಭ, ವರ್ಷ ವರ್ಷ ವಾರ್ಷಿಕ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸುವುದರಲ್ಲಿ ಎಲ್ಲರೂ ಎಡವುತ್ತಾರೆ. ಅದು ಬಾಕಿ ಬಿದ್ದರೆ ಯಾವ ಇಲಾಖೆಯೂ ಒಂದು ವಾಲಿಬಾಲ್ ಕಿಟ್ ಸಹ ಕೊಡುವುದಿಲ್ಲ. ಜತೆಗೆ ಸಂಘ–ಸಂಸ್ಥೆಗಳಿಗೆಂದೇ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಗುರುತಿನ ಸಂಖ್ಯೆ ಮಾಡಿಸಿಟ್ಟುಕೊಳ್ಳಲಿ. ನೆಹರು ಯುವ ಕೇಂದ್ರ ಈಗ ಮೇರಾ ಯುವ ಭಾರತ್ ಹೆಸರಿನಲ್ಲಿ ನಡೆಯುತ್ತಿದೆ. 15ರಿಂದ 29 ವರ್ಷದವರು ಪೋರ್ಟಲ್‌ನಲ್ಲಿ ಪುಕ್ಕಟೆಯಾಗಿ ಸೇರಬಹುದು. ಜಿಲ್ಲಾ ಕಚೇರಿಯವರು ಜನವರಿ 12ರ ಯುವ ದಿನದ ಸುತ್ತಮುತ್ತ ಕಾರ್ಯಕ್ರಮಕ್ಕೆ ಊರು ಹುಡುಕುತ್ತಿರುತ್ತಾರೆ, ನವೆಂಬರ್‌ನಲ್ಲೇ ಪತ್ರ ಕೊಟ್ಟಿರಬೇಕು. ಯುವಜನರ ಮಾನಸಿಕ ಆರೋಗ್ಯಕ್ಕೆ ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರ ಜಿಲ್ಲಾ ಕ್ರೀಡಾಂಗಣದಲ್ಲಿದೆ. ಅಲ್ಲಿನ ಯುವ ಪರಿವರ್ತಕರನ್ನು ಸಂಘಕ್ಕೆ ಕರೆಸಿ ಮಾತಾಡಿಸಬಹುದು. ಪರೀಕ್ಷೆ ಫಲಿತಾಂಶ ಬರುವ ವಾರಕ್ಕೆ ಮುಂಚೆ ಒಂದು ಸಲ ಕರೆಸಿ, ದಯವಿಟ್ಟು ಮರೆಯಬೇಡಿ.

ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಎರಡೂ ಜಿಲ್ಲೆಗಳ ಕಾಲೇಜುಗಳಿವೆ. ಅವುಗಳ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಘಟಕಗಳು 7 ದಿನದ ವಿಶೇಷ ಶಿಬಿರಕ್ಕೆ ಹಳ್ಳಿ ಹುಡುಕುತ್ತವೆ. ಸುಮಾರು 50 ಮಂದಿ ಬರುತ್ತಾರೆ. ಅವರಿಗೆ ಬೇಕಾದ್ದು ಮಲಗಲು ಎರಡು ಹಾಲ್, ಹುಡುಗಿಯರಿಗೆ ಬಾಗಿಲು ಭದ್ರವಾಗಿರುವ ಪ್ರತ್ಯೇಕ ಶೌಚಾಲಯ, ಅಡುಗೆಗೆ ನೀರು. ಇಷ್ಟನ್ನು ಒದಗಿಸುತ್ತೇವೆಂದು ಸಂಘವೇ ಕಾಲೇಜಿನ ಕಾರ್ಯಕ್ರಮಾಧಿಕಾರಿಗೆ ಪತ್ರ ಕೊಟ್ಟರೆ, ಏಳು ದಿನ ಊರಿನ ಹುಡುಗರಿಗೂ ಅದೇ ಶಾಲೆ.

ಶಾಲೆ ಮತ್ತು ಸಂಘ ಇಬ್ಬರೂ ಸೇರಿ ಮಾಡಬಹುದಾದ್ದರಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಮಕ್ಕಳ ಗ್ರಾಮಸಭೆಯನ್ನು. ಮಕ್ಕಳು ತಮ್ಮ ಪ್ರಶ್ನೆಗಳನ್ನು ಪಂಚಾಯಿತಿಯವರ ಮುಂದೆ ಇಡುವ ಈ ಸಭೆಯನ್ನು ಪಂಚಾಯಿತಿ ವರ್ಷಕ್ಕೊಮ್ಮೆ ನಡೆಸಲೇಬೇಕು, ನವೆಂಬರ್‌ನಿಂದ ಶುರುವಾಗುತ್ತದೆ. ಬಹಳ ಕಡೆ ಅದು ಹೂವಿನ ಹಾರ, ಭಾಷಣ, ಬಿಸ್ಕತ್ತಿನಲ್ಲಿ ಮುಗಿದುಹೋಗುತ್ತದೆ, ಮಕ್ಕಳು ಒಂದು ಗಂಟೆ ಬಿಸಿಲಲ್ಲಿ ಕೂತು ಎದ್ದು ಬರುತ್ತಾರೆ. ಹಾಗಾಗದಿರಬೇಕಾದರೆ ಎರಡು ವಾರ ಮೊದಲೇ ತರಗತಿವಾರು ಪ್ರಶ್ನೆ ಬರೆಸಿ, ಒಂದೇ ರೀತಿಯವನ್ನು ಕೂಡಿಸಿ 10ಕ್ಕೆ ಇಳಿಸಿ. ‘ರಸ್ತೆ ಸರಿಯಿಲ್ಲ’ ಎಂದರೆ ಯಾರೂ ಉತ್ತರ ಕೊಡುವುದಿಲ್ಲ. ‘ಶಾಲೆಯ ಗೇಟಿನಿಂದ ಬಸ್ ನಿಲ್ದಾಣದ ತನಕ 200 ಹೆಜ್ಜೆಯಲ್ಲಿ ಮೂರು ಕಡೆ ಚರಂಡಿ ಕಲ್ಲು ಇಲ್ಲ’ ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಳ್ಳಬೇಕಾಗುತ್ತದೆ. ಪಟ್ಟಿಯನ್ನು ಮೊದಲೇ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಭೆಯ ಮೊದಲ ವಿಷಯವಾಗಿ ಕಳೆದ ವರ್ಷದ ಪ್ರಶ್ನೆಗಳಿಗೆ ಏನು ಕ್ರಮವಾಯಿತು ಎಂದು ಓದಿಸಿ. ನಡಾವಳಿ ಪುಸ್ತಕದಲ್ಲಿ ಮಕ್ಕಳ ಮಾತು ಬಂದಿದೆಯೇ ಎಂದು ಅದೇ ವಾರ ನೋಡಿ. ಹೇಳಲು ನಾಚುವ ಮಗುವಿಗೆ ಚೀಟಿ ಪೆಟ್ಟಿಗೆ ಇರಲಿ. ಅದರಲ್ಲಿ ಬಾಲ್ಯವಿವಾಹದಂಥದ್ದೋ ಹಿಂಸೆಯದ್ದೋ ಸುಳಿವು ಸಿಕ್ಕರೆ ಸಭೆಯಲ್ಲಿ ಓದಬಾರದು, ನೇರ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಕೊನೆಯದಾಗಿ, ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಎಲ್ಲಿಗೆ ಕರೆದೊಯ್ಯಲಿ ಎಂದು ಕೇಳಿದ್ದೀರಿ. ಚಿತ್ರದುರ್ಗದ ಕೋಟೆಯನ್ನು ನೀರಿನ ಪಾಠವಾಗಿ ತೋರಿಸಿ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ–ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ನೀರು ಇಳಿಯುವ ವ್ಯವಸ್ಥೆ ಅದು. ಮಕ್ಕಳಿಗೆ ನಕ್ಷೆ ಕೊಟ್ಟು ಹೊಂಡದಿಂದ ಹೊಂಡಕ್ಕೆ ನೀರಿನ ದಾರಿ ಗುರುತಿಸಲು ಹೇಳಿ. ಇಳಿಜಾರು ಬಂಡೆಯ ಮೇಲೆ ಒಂದು ಲೋಟ ನೀರು ಸುರಿದು ಅದು ಎತ್ತ ಹರಿಯುತ್ತದೆ ನೋಡಲಿ. 100 ಚದರ ಮೀಟರ್ ಬಂಡೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್. ಇದೇ ಲೆಕ್ಕವನ್ನು ಶಾಲೆಗೆ ಮರಳಿ ಬಂದು ನಿಮ್ಮ ಚಾವಣಿಗೆ ಹಾಕಿಸಿ.

40 ಮಕ್ಕಳಿಗೆ 5 ಜನ ದೊಡ್ಡವರು, ಅದರಲ್ಲಿ ಇಬ್ಬರಾದರೂ ಮಹಿಳೆಯರು. ಬಿಇಒ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಶಾಲೆಯ ಗುರುತಿನ ಚೀಟಿ ಬೇಕು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ವಯಸ್ಸು ತೋರಿಸಲು ಮುಖ್ಯ ಶಿಕ್ಷಕರು ಸಹಿ ಮಾಡಿದ ಪಟ್ಟಿ ಒಯ್ಯಿರಿ. ಏಪ್ರಿಲ್ 18 ಮತ್ತು ನವೆಂಬರ್ 19ರಂದು ಎಲ್ಲರಿಗೂ ಉಚಿತ, ಆದರೆ ಏಪ್ರಿಲ್‌ನಲ್ಲಿ ಆ ಬಂಡೆಯ ಮೇಲೆ ಮಕ್ಕಳನ್ನು ನಡೆಸಬೇಡಿ. ನವೆಂಬರ್ ಸರಿ. ಬೆಳಿಗ್ಗೆ ಎಂಟರೊಳಗೆ ಒಳಗಿರಿ, ಹನ್ನೆರಡಕ್ಕೆ ಕೆಳಗಿಳಿಯಿರಿ. ತಲೆಗೊಂದು ಲೀಟರ್ ಬಾಟಲಿ, ಬಸ್ಸಿನಲ್ಲಿ 20 ಲೀಟರಿನ ಎರಡು ಕ್ಯಾನ್. ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಕೋತಿಗಳು ಬರುತ್ತವೆ, ತಿಂಡಿಯನ್ನು ಚೀಲದ ಒಳಗೇ ಇಡಿಸಿ, ಊಟ ಕೆಳಗೆ ಬಂದ ಮೇಲೆ. ಓಬವ್ವನ ಕಿಂಡಿ ಇಕ್ಕಟ್ಟು, ಒಮ್ಮೆಗೆ ಎಂಟು ಮಕ್ಕಳ ಗುಂಪು, ಮುಂದೊಬ್ಬರು, ಹಿಂದೊಬ್ಬರು ದೊಡ್ಡವರು. ಬಂಡೆಗೆ ಕೊರೆದ ಮೆಟ್ಟಿಲುಗಳ ಕಡಿದಾದ ಏರುಗಳಿಗೆ ಹವಾಯಿ ಚಪ್ಪಲಿಯವರನ್ನು ಹತ್ತಿಸಬೇಡಿ. ಹೊಂಡದ ಅಂಚಿಗೆ ಯಾರೂ ಇಳಿಯಬಾರದು, ಅಲ್ಲಿ ಪಾಚಿ ಜಾರುತ್ತದೆ. ಎಣಿಕೆ ಮೂರು ಸಲ: ಗೇಟಿನಲ್ಲಿ, ಗೋಪಾಲಸ್ವಾಮಿ ಹೊಂಡದ ಹತ್ತಿರ, ಬಸ್ ಹತ್ತುವಾಗ.